ವಿಂಡೋ ಮ್ಯಾನೇಜರ್ ಆರಂಭವಾಗದಿದ್ದಲ್ಲಿ ಕೈಗೊಳ್ಳಬೇಕಾದ ಕ್ರಮಗಳು: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ವಿದ್ಯಾರ್ಥಿವೇತನ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ ಮುಂತಾದ ಸೇವೆಗಳಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು ಅಂಕಪಟ್ಟಿ, ಪಡಿತರ ಚೀಟಿ, ಪಹಣಿ, ಭಾವಚಿತ್ರ ಇತ್ಯಾದಿಗಳ ಪ್ರತಿಗಳನ್ನು ತಮ್ಮ ಗಣಕಯಂತ್ರದಲ್ಲಿ ಸಂಗ್ರಹಿಸಿಟ್ಟಿರುತ್ತಾರೆ. ಅರ್ಜಿ ಸಲ್ಲಿಸಬೇಕಾದ ದಿನ ಗಣಕಯಂತ್ರವು ಗುಪ್ತಪದವನ್ನು ಸ್ವೀಕರಿಸಿದ ನಂತರವೂ ಪರದೆಯು ಕಪ್ಪಾಗಿಯೇ ಉಳಿಯುವುದು, ಅಥವಾ ತೆರೆದ ಕಿಟಕಿಗಳನ್ನು ಸರಿಸಲು, ಮುಚ್ಚಲು ಆಗದಿರುವುದು ಉಂಟು. ಇಂತಹ ಸಂದರ್ಭದಲ್ಲಿ ಯಂತ್ರವು ಪೂರ್ಣವಾಗಿ ಕೆಟ್ಟಿದೆ ಎಂದು ಭಾವಿಸಿ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸುವುದರಿಂದ ಅದರಲ್ಲಿರುವ ದಾಖಲೆಗಳೆಲ್ಲವೂ ಅಳಿಸಿಹೋಗುವ ಸಂಭವವಿರುತ್ತದೆ.

ವಾಸ್ತವದಲ್ಲಿ ಇದು ಬಹುಪಾಲು ವಿಂಡೋ ಮ್ಯಾನೇಜರ್ ಎಂಬ ಒಂದು ತಂತ್ರಾಂಶ ಆರಂಭವಾಗದಿರುವುದರಿಂದ ಅಥವಾ ಅದಕ್ಕೆ ಪೂರ್ವದ ಹಂತವೊಂದು ವಿಫಲವಾಗಿರುವುದರಿಂದ ಉಂಟಾಗುವ ತೊಂದರೆಯಾಗಿದ್ದು, ದಾಖಲೆಗಳು ಸುರಕ್ಷಿತವಾಗಿಯೇ ಇರುತ್ತವೆ. ತೊಂದರೆ ಯಾವ ಹಂತದಲ್ಲಿದೆ ಎಂಬುದನ್ನು ಗುರುತಿಸುವ ಹಾಗೂ ಸರಿಪಡಿಸುವ ವಿಧಾನವನ್ನು ಈ ಕೆಳಗೆ ವಿವರಿಸಲಾಗಿದೆ. ವಿವರಣೆಯು ಮುಖ್ಯವಾಗಿ ಡೆಬಿಯನ್ ಆಧಾರಿತ ಲಿನಕ್ಸ್ ಹಾಗೂ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹೊಂದಿರುವ ಗಣಕಯಂತ್ರಗಳಿಗೆ ಸಂಬಂಧಿಸಿದ್ದಾಗಿರುತ್ತದೆ. ಸಿ-ಡ್ಯಾಕ್ ಸಂಸ್ಥೆಯು ಅಭಿವೃದ್ಧಿಪಡಿಸಿ 2007ರಲ್ಲಿ ಬಿಡುಗಡೆ ಮಾಡಿದ ಬಾಸ್ ಲಿನಕ್ಸ್ ಸಹ ಡೆಬಿಯನ್ ಆಧಾರಿತವಾದುದರಿಂದ, ಇಲ್ಲಿನ ಹಲವು ಕ್ರಮಗಳು ಅದಕ್ಕೂ ಅನ್ವಯಿಸುತ್ತವೆ.

2. ವಿಂಡೋ ಮ್ಯಾನೇಜರ್ ಎಂದರೇನು?

ಪರದೆಯ ಮೇಲೆ ಕಾಣುವ ಚಿತ್ರಣವು ಒಂದೇ ತಂತ್ರಾಂಶದ ಕೆಲಸವಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿ ಈ ಕೆಳಕಂಡ ಹಂತಗಳು ಒಂದರ ನಂತರ ಒಂದರಂತೆ ಆರಂಭಗೊಳ್ಳುತ್ತವೆ.

(ಅ) ಕರ್ನಲ್: ಯಂತ್ರಾಂಶವನ್ನು ನಿಯಂತ್ರಿಸುವ ಮೂಲ ತಂತ್ರಾಂಶ.
(ಆ) ಡಿಸ್‌ಪ್ಲೇ ಸರ್ವರ್: ಪರದೆ, ಕೀಲಿಮಣೆ ಮತ್ತು ಮೌಸ್‌ಗಳ ಹೊಣೆ ಹೊತ್ತ ತಂತ್ರಾಂಶ.
(ಇ) ಪ್ರವೇಶ ಪರದೆ: ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ಕೇಳುವ ತಂತ್ರಾಂಶ. ಲೈಟ್‌ಡಿಎಂ, ಜಿಡಿಎಂ ಇದಕ್ಕೆ ಉದಾಹರಣೆಗಳು.
(ಈ) ಸೆಷನ್: ಪ್ರವೇಶದ ನಂತರ ಉಳಿದ ತಂತ್ರಾಂಶಗಳನ್ನು ಕ್ರಮವಾಗಿ ಆರಂಭಿಸುವ ವ್ಯವಸ್ಥೆ.
(ಉ) ವಿಂಡೋ ಮ್ಯಾನೇಜರ್ ಹಾಗೂ ಪ್ಯಾನೆಲ್: ಕಿಟಕಿಗಳ ಚೌಕಟ್ಟು ಮತ್ತು ಪರದೆಯ ಅಂಚಿನ ಪಟ್ಟಿ.

ಕಿಟಕಿಯ ಮೇಲ್ಭಾಗದ ಶೀರ್ಷಿಕೆ ಪಟ್ಟಿಯನ್ನು ಬಿಡಿಸುವುದು, ಕಿಟಕಿಯನ್ನು ಸರಿಸಲು, ಹಿಗ್ಗಿಸಲು, ಮುಚ್ಚಲು ಅವಕಾಶ ನೀಡುವುದು, ಟೈಪ್ ಮಾಡಿದ ಅಕ್ಷರಗಳು ಯಾವ ಕಿಟಕಿಗೆ ಸೇರಬೇಕೆಂಬುದನ್ನು ನಿರ್ಧರಿಸುವುದು ವಿಂಡೋ ಮ್ಯಾನೇಜರ್‌ನ ಕೆಲಸ. 1984ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಆರಂಭವಾಗಿ, 1987ರಲ್ಲಿ ಹನ್ನೊಂದನೆಯ ಆವೃತ್ತಿಯನ್ನು ತಲುಪಿದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಈ ಕೆಲಸವನ್ನು ಡಿಸ್‌ಪ್ಲೇ ಸರ್ವರ್‌ನಿಂದ ಪ್ರತ್ಯೇಕಿಸಲಾಗಿದೆ. ಆದುದರಿಂದ ಎಕ್ಸ್ ವ್ಯವಸ್ಥೆಯಲ್ಲಿ ವಿಂಡೋ ಮ್ಯಾನೇಜರ್ ನಿಂತರೂ ಉಳಿದ ತಂತ್ರಾಂಶಗಳು ಚಾಲನೆಯಲ್ಲಿರಬಲ್ಲವು.

2008ರಲ್ಲಿ ಆರಂಭವಾದ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಸರ್ವರ್ ಮತ್ತು ವಿಂಡೋ ಮ್ಯಾನೇಜರ್ ಎರಡೂ ಒಂದೇ ತಂತ್ರಾಂಶವಾಗಿರುತ್ತವೆ. ಅಲ್ಲಿ ಸದರಿ ತಂತ್ರಾಂಶ ವಿಫಲವಾದರೆ ಸಾಮಾನ್ಯವಾಗಿ ಇಡೀ ಸೆಷನ್ ಮುಕ್ತಾಯಗೊಂಡು ಪ್ರವೇಶ ಪರದೆ ಮರಳಿ ಬರುತ್ತದೆ.

3. ಲಕ್ಷಣಗಳಿಂದ ದೋಷದ ಸ್ಥಾನವನ್ನು ತಿಳಿಯುವುದು

(ಅ) ದೀಪವೂ ಉರಿಯದೆ, ತಯಾರಕರ ಚಿಹ್ನೆಯೂ ಕಾಣದಿದ್ದಲ್ಲಿ ದೋಷವು ಯಂತ್ರಾಂಶ, ಕೇಬಲ್ ಅಥವಾ ವಿದ್ಯುತ್ ಸಂಪರ್ಕದಲ್ಲಿರುತ್ತದೆ. ಈ ಲೇಖನವು ಅದಕ್ಕೆ ಅನ್ವಯಿಸುವುದಿಲ್ಲ.

(ಆ) ಚಿಹ್ನೆ ಕಂಡು, ಪ್ರವೇಶ ಪರದೆ ಬಾರದೆ ಅಕ್ಷರಗಳ ಸಾಲುಗಳು ಮಾತ್ರ ಉಳಿದಲ್ಲಿ ದೋಷವು ಡಿಸ್‌ಪ್ಲೇ ಸರ್ವರ್ ಅಥವಾ ಗ್ರಾಫಿಕ್ಸ್ ಡ್ರೈವರ್‌ನಲ್ಲಿರುವ ಸಾಧ್ಯತೆ ಹೆಚ್ಚು.

(ಇ) ಗುಪ್ತಪದ ತಪ್ಪಾಗಿದೆ ಎಂಬ ಸಂದೇಶ ಬಂದಲ್ಲಿ ಮೊದಲು ಕೀಲಿಮಣೆಯ ವಿನ್ಯಾಸವನ್ನು ಪರಿಶೀಲಿಸತಕ್ಕದ್ದು. ಕನ್ನಡ ವಿನ್ಯಾಸವು ಚಾಲ್ತಿಯಲ್ಲಿರುವಾಗ ಇಂಗ್ಲಿಷ್ ಗುಪ್ತಪದವನ್ನು ಟೈಪ್ ಮಾಡಿದರೆ ಚುಕ್ಕಿಗಳಷ್ಟೇ ಕಾಣುವುದರಿಂದ ವ್ಯತ್ಯಾಸವು ಬಳಕೆದಾರರ ಗಮನಕ್ಕೆ ಬರುವುದಿಲ್ಲ.

(ಈ) ಗುಪ್ತಪದ ಸರಿಯಿದ್ದು, ಪರದೆಯು ಕ್ಷಣಕಾಲ ಕಪ್ಪಾಗಿ ಪ್ರವೇಶ ಪರದೆಯೇ ಮತ್ತೆ ಬಂದಲ್ಲಿ ಸೆಷನ್ ಆರಂಭವಾಗುತ್ತಿಲ್ಲವೆಂದು ತಿಳಿಯಬೇಕು.

(ಉ) ಡೆಸ್ಕ್‌ಟಾಪ್ ಕಂಡರೂ ಕಿಟಕಿಗಳಿಗೆ ಶೀರ್ಷಿಕೆ ಪಟ್ಟಿ ಇಲ್ಲದೆ, ಎಲ್ಲವೂ ಎಡ ಮೇಲ್ಮೂಲೆಯಲ್ಲಿ ಒಂದರ ಮೇಲೊಂದು ತೆರೆದುಕೊಂಡಲ್ಲಿ ವಿಂಡೋ ಮ್ಯಾನೇಜರ್ ಮಾತ್ರ ಆರಂಭವಾಗಿಲ್ಲವೆಂದು ಅರ್ಥ.

4. ಮೊದಲು ಮಾಡಬೇಕಾದ ಕೆಲಸಗಳು

ಪರದೆಯ ಮೇಲೆ ಯಾವುದೇ ಸಂದೇಶವಿದ್ದಲ್ಲಿ ಅದನ್ನು ಮೊಬೈಲ್‌ನಲ್ಲಿ ಛಾಯಾಚಿತ್ರ ತೆಗೆದುಕೊಳ್ಳುವುದು ಅಥವಾ ಬರೆದಿಟ್ಟುಕೊಳ್ಳುವುದು ಅಗತ್ಯ. ನಂತರ ಪ್ರವೇಶ ಪರದೆಯಲ್ಲಿ ಬೇರೆ ಸೆಷನ್ ಆಯ್ದುಕೊಳ್ಳುವ ಗುರುತು ಇದೆಯೇ ಎಂದು ನೋಡಬೇಕು. ಬೇರೆ ಡೆಸ್ಕ್‌ಟಾಪ್ ಅಳವಡಿಸಿದ್ದಲ್ಲಿ ಅದನ್ನು ಆಯ್ದು ಪ್ರವೇಶಿಸಬಹುದು. ಅರ್ಜಿಯ ಕೊನೆಯ ದಿನದಂದು ದೋಷವನ್ನು ಸರಿಪಡಿಸುವುದಕ್ಕಿಂತ ಈ ಮಾರ್ಗದಲ್ಲಿ ಮೊದಲು ಅರ್ಜಿ ಸಲ್ಲಿಸುವುದು ಸೂಕ್ತ.

ಅದೇ ಯಂತ್ರದಲ್ಲಿ ಮತ್ತೊಬ್ಬ ಬಳಕೆದಾರರ ಖಾತೆಯಿದ್ದಲ್ಲಿ ಅದರ ಮೂಲಕ ಪ್ರವೇಶಿಸಿ ನೋಡಬೇಕು. ಆ ಖಾತೆಯು ಸರಿಯಾಗಿ ಕೆಲಸ ಮಾಡಿದರೆ ದೋಷವು ಮೊದಲನೆಯ ಬಳಕೆದಾರರ ವೈಯಕ್ತಿಕ ಕಡತಗಳಲ್ಲಿದೆ ಎಂದು ತಿಳಿಯಬಹುದು. ಎರಡೂ ಖಾತೆಗಳಲ್ಲಿ ಒಂದೇ ತೊಂದರೆಯಿದ್ದಲ್ಲಿ ದೋಷವು ಇಡೀ ವ್ಯವಸ್ಥೆಗೆ ಸಂಬಂಧಿಸಿದ್ದಾಗಿರುತ್ತದೆ. ಈ ಒಂದು ಪರೀಕ್ಷೆಯಿಂದ ಹುಡುಕಾಟದ ಅರ್ಧ ಶ್ರಮ ಉಳಿಯುತ್ತದೆ.

5. ಪಠ್ಯ ಪರದೆಗೆ ಪ್ರವೇಶ

ಚಿತ್ರರೂಪದ ಪರದೆ ದೊರೆಯದಿದ್ದಾಗಲೂ ಪಠ್ಯ ಪರದೆಯ ಮೂಲಕ ಗಣಕಯಂತ್ರವನ್ನು ಬಳಸಬಹುದಾಗಿರುತ್ತದೆ. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯ ಮೇಲೆ ಬಳಕೆದಾರರ ಹೆಸರನ್ನು ಕೇಳಲಾಗುತ್ತದೆ. ಗುಪ್ತಪದವನ್ನು ಟೈಪ್ ಮಾಡುವಾಗ ಚುಕ್ಕಿಗಳೂ ಕಾಣುವುದಿಲ್ಲ. ಇದು ದೋಷವಲ್ಲ. ಮರಳಿ ಹೋಗಲು ಎಫ್3 ಬದಲು ಎಫ್1, ಎಫ್2 ಅಥವಾ ಎಫ್7 ಬಳಸಬೇಕು. ಇವುಗಳಲ್ಲಿ ಯಾವುದು ಎಂಬುದು ವ್ಯವಸ್ಥೆಯನ್ನು ಅವಲಂಬಿಸಿರುತ್ತದೆ.

ಕನ್ನಡದಲ್ಲಿ ಗಣಕಯಂತ್ರ ಬಳಸುವವರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಪಠ್ಯ ಪರದೆಯು ಕನ್ನಡ ಲಿಪಿಯನ್ನು ತೋರಿಸಲಾರದು. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಅಲ್ಲಿ ಚೌಕಗಳಾಗಿ ಅಥವಾ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತವೆ. ಇದರಿಂದ ಕಡತಗಳು ಹಾಳಾಗಿವೆಯೆಂದು ಭಾವಿಸಿ ಅಳಿಸಬಾರದು. ಡೆಸ್ಕ್‌ಟಾಪ್ ಮರಳಿದ ಕೂಡಲೇ ಹೆಸರುಗಳು ಮೊದಲಿನಂತೆಯೇ ಕಾಣುತ್ತವೆ. ದೋಷ ಸಂದೇಶಗಳೂ ಚೌಕಗಳಾಗಿ ಬಂದಲ್ಲಿ ‘ಎಕ್ಸ್‌ಪೋರ್ಟ್ ಲ್ಯಾಂಗ್=ಸಿ’ ಎಂಬ ಆಜ್ಞೆಯನ್ನು ನೀಡಿದರೆ ಸಂದೇಶಗಳು ಇಂಗ್ಲಿಷ್‌ನಲ್ಲಿ ಬರುತ್ತವೆ. ಇಲ್ಲಿ ‘ಲ್ಯಾಂಗ್’ ಎಂಬ ನಾಲ್ಕು ಅಕ್ಷರಗಳು (ಎಲ್, ಎ, ಎನ್, ಜಿ) ಹಾಗೂ ‘ಸಿ’ ದೊಡ್ಡಕ್ಷರಗಳಾಗಿರಬೇಕು.

ಈ ಲೇಖನದಲ್ಲಿ ಆಜ್ಞೆಗಳನ್ನು ಅವುಗಳ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ನೀಡಲಾಗಿದೆ. ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿಯೇ ನೀಡಬೇಕು. ವ್ಯತ್ಯಾಸವಿರುವಲ್ಲಿ ಅದನ್ನು ಸೂಚಿಸಲಾಗಿದೆ.

6. ದೋಷ ದಾಖಲೆಯನ್ನು ಓದುವುದು

ಊಹೆಯಿಂದ ಬದಲಾವಣೆಗಳನ್ನು ಮಾಡುವ ಮುನ್ನ ಗಣಕಯಂತ್ರವೇ ಬರೆದಿಟ್ಟಿರುವ ದೋಷ ದಾಖಲೆಯನ್ನು ಓದತಕ್ಕದ್ದು. ಲೈಟ್‌ಡಿಎಂ ಬಳಸುವ ಡೆಬಿಯನ್ ವ್ಯವಸ್ಥೆಯಲ್ಲಿ ಬಳಕೆದಾರರ ಮನೆ ಕಡತಕೋಶದಲ್ಲಿ ‘.ಎಕ್ಸ್‌ಸೆಷನ್-ಎರರ್ಸ್’ ಎಂಬ ಕಡತವಿರುತ್ತದೆ. ಹೆಸರು ಚುಕ್ಕಿಯಿಂದ ಆರಂಭವಾಗುವುದರಿಂದ ಇದು ಸಾಮಾನ್ಯ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ‘ಟೇಲ್’ ಎಂಬ ಆಜ್ಞೆಯ ಮುಂದೆ ಈ ಕಡತದ ಹೆಸರನ್ನು ನೀಡಿದರೆ ಅದರ ಕೊನೆಯ 10 ಸಾಲುಗಳು ಕಾಣುತ್ತವೆ. ಸಾಮಾನ್ಯವಾಗಿ ಕಂಡುಬರುವ ಸಂದೇಶಗಳು ಹಾಗೂ ಅವುಗಳ ಅರ್ಥ ಈ ಕೆಳಕಂಡಂತಿವೆ.

(ಅ) ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’: ಡಿಸ್ಕ್‌ನಲ್ಲಿ ಸ್ಥಳ ಉಳಿದಿಲ್ಲ.
(ಆ) ‘ಪರ್ಮಿಷನ್ ಡಿನೈಡ್’: ಕಡತದ ಒಡೆತನ ಅಥವಾ ಅನುಮತಿ ಸರಿಯಿಲ್ಲ.
(ಇ) ‘ಕಮಾಂಡ್ ನಾಟ್ ಫೌಂಡ್’: ಬೇಕಾದ ತಂತ್ರಾಂಶ ಅಳವಡಿಕೆಯಾಗಿಲ್ಲ ಅಥವಾ ತೆಗೆದುಹಾಕಲ್ಪಟ್ಟಿದೆ.
(ಈ) ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’: ತಂತ್ರಾಂಶಕ್ಕೆ ಆಧಾರವಾದ ಕಡತವೊಂದು ಇಲ್ಲ. ನವೀಕರಣವು ಅರ್ಧಕ್ಕೆ ನಿಂತಾಗ ಇದು ಕಂಡುಬರಬಹುದು.
(ಉ) ‘ಅನದರ್ ವಿಂಡೋ ಮ್ಯಾನೇಜರ್ ಈಸ್ ಆಲ್ರೆಡಿ ರನ್ನಿಂಗ್’: ಬೇರೊಂದು ವಿಂಡೋ ಮ್ಯಾನೇಜರ್ ಈಗಾಗಲೇ ಚಾಲನೆಯಲ್ಲಿದೆ.
(ಊ) ‘ಕೆನಾಟ್ ಓಪನ್ ಡಿಸ್‌ಪ್ಲೇ’: ಡಿಸ್‌ಪ್ಲೇ ಸರ್ವರ್‌ನೊಂದಿಗೆ ಸಂಪರ್ಕ ಸಾಧ್ಯವಾಗಿಲ್ಲ.

ಪ್ರವೇಶ ಪರದೆಯೇ ಬಾರದಿದ್ದಲ್ಲಿ ಎಕ್ಸ್ ಸರ್ವರ್‌ನ ದಾಖಲೆಯನ್ನು ನೋಡಬೇಕು. ಅದರಲ್ಲಿ ಆವರಣದೊಳಗೆ ಎರಡು ‘ಇ’ ಅಕ್ಷರಗಳಿಂದ ಗುರುತಿಸಿದ ಸಾಲುಗಳು ದೋಷಗಳಾಗಿರುತ್ತವೆ.

7. ಸಾಮಾನ್ಯ ಕಾರಣಗಳು ಮತ್ತು ಪರಿಹಾರ

(ಅ) ಡಿಸ್ಕ್ ಭರ್ತಿಯಾಗಿರುವುದು

ಸೆಷನ್ ಆರಂಭವಾಗುವಾಗ ಕೆಲವು ಸಣ್ಣ ಕಡತಗಳನ್ನು ಬರೆಯಬೇಕಾಗುತ್ತದೆ. ಸ್ಥಳವಿಲ್ಲದಿದ್ದಲ್ಲಿ ಬರೆಯಲಾಗದೆ ಪ್ರವೇಶ ಪರದೆಯೇ ಮರಳಿ ಬರುತ್ತದೆ. ‘ಡಿಎಫ್ -ಎಚ್’ ಎಂಬ ಆಜ್ಞೆಯು ಪ್ರತಿ ಭಾಗದಲ್ಲಿ ಶೇಕಡಾ ಎಷ್ಟು ಸ್ಥಳ ಬಳಕೆಯಾಗಿದೆ ಎಂಬುದನ್ನು ತೋರಿಸುತ್ತದೆ. ಮೂಲ ಭಾಗ ಅಥವಾ ಮನೆ ಕಡತಕೋಶವಿರುವ ಭಾಗವು ಶೇ. 100 ತಲುಪಿದ್ದಲ್ಲಿ ಕಾರಣ ಸಿಕ್ಕಿದಂತೆ. ಎಕ್ಸ್ಟ್4 ಮಾದರಿಯ ಡಿಸ್ಕ್ ಭಾಗವನ್ನು ರಚಿಸುವಾಗ ಶೇ. 5 ರಷ್ಟು ಸ್ಥಳವನ್ನು ಆಡಳಿತ ಬಳಕೆದಾರರಿಗೆ ಪೂರ್ವನಿಯೋಜಿತವಾಗಿ ಕಾಯ್ದಿರಿಸಲಾಗುವುದರಿಂದ, ಸಾಮಾನ್ಯ ಬಳಕೆದಾರರಿಗೆ ಸ್ಥಳ ಮುಗಿದ ನಂತರವೂ ಆಡಳಿತ ಕೆಲಸಗಳನ್ನು ನಡೆಸಲು ಸಾಧ್ಯವಾಗುತ್ತದೆ. ‘ಸುಡೊ ಆಪ್ಟ್ ಕ್ಲೀನ್’ ಎಂಬ ಆಜ್ಞೆಯು ಈಗಾಗಲೇ ಅಳವಡಿಸಿದ ತಂತ್ರಾಂಶಗಳ ಉಳಿದ ಪ್ಯಾಕೇಜ್ ಕಡತಗಳನ್ನು ತೆಗೆದುಹಾಕಿ ಸ್ಥಳ ಒದಗಿಸುತ್ತದೆ. ಬಳಕೆದಾರರ ದಾಖಲೆಗಳಿಗೆ ಇದರಿಂದ ಧಕ್ಕೆಯಾಗುವುದಿಲ್ಲ. ಇಷ್ಟು ಸ್ಥಳದಲ್ಲಿ ಪ್ರವೇಶ ದೊರೆತ ನಂತರ, ಅನಗತ್ಯ ವಿಡಿಯೋ ಹಾಗೂ ಕಸದ ಬುಟ್ಟಿಯಲ್ಲಿರುವ ಕಡತಗಳನ್ನು ನೋಡಿಕೊಂಡು ತೆಗೆಯಬಹುದು.

(ಆ) ಕಡತದ ಒಡೆತನ ಬದಲಾಗಿರುವುದು

ಚಿತ್ರರೂಪದ ತಂತ್ರಾಂಶವನ್ನು ಆಡಳಿತ ಅಧಿಕಾರದೊಂದಿಗೆ ಚಲಾಯಿಸಿದಾಗ, ಮನೆ ಕಡತಕೋಶದಲ್ಲಿರುವ ‘.ಎಕ್ಸ್‌ಅಥಾರಿಟಿ’ ಎಂಬ ಕಡತವು ಆಡಳಿತ ಬಳಕೆದಾರರ ಹೆಸರಿಗೆ ಬದಲಾಗುವುದುಂಟು. ಈ ಕಡತವು ಡಿಸ್‌ಪ್ಲೇ ಸರ್ವರ್‌ಗೆ ತೋರಿಸಬೇಕಾದ ಪರವಾನಗಿ ಚೀಟಿಯಂತೆ ಕೆಲಸ ಮಾಡುತ್ತದೆ. ಅದನ್ನು ಬರೆಯಲಾಗದಿದ್ದಲ್ಲಿ ಪ್ರವೇಶ ದೊರೆಯುವುದಿಲ್ಲ. ‘ಎಲ್‌ಎಸ್ -ಎಲ್‌ಎ’ ಆಜ್ಞೆಯಿಂದ ಪ್ರತಿ ಕಡತದ ಒಡೆಯರ ಹೆಸರು ತಿಳಿಯುತ್ತದೆ. ಸದರಿ ಕಡತದ ಎದುರು ‘ರೂಟ್’ ಎಂದಿದ್ದಲ್ಲಿ ‘ಎಂವಿ’ ಆಜ್ಞೆಯಿಂದ ಅದರ ಹೆಸರನ್ನು ಬದಲಾಯಿಸಬೇಕು. ಮುಂದಿನ ಪ್ರವೇಶದ ವೇಳೆ ಹೊಸ ಕಡತವು ತಾನಾಗಿಯೇ ಸೃಷ್ಟಿಯಾಗುತ್ತದೆ. ಈ ಕಡತದ ಹೆಸರಿನಲ್ಲಿ ‘ಎಕ್ಸ್’ ದೊಡ್ಡಕ್ಷರವಾಗಿರುತ್ತದೆ.

(ಇ) ಹಿಂದಿನ ಸೆಷನ್ ತಪ್ಪಾಗಿ ಉಳಿದಿರುವುದು

ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ನಿರ್ಗಮನದ ವೇಳೆ ಚಾಲನೆಯಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನು ಉಳಿಸಿ, ಮುಂದಿನ ಬಾರಿ ಅವುಗಳನ್ನೇ ಆರಂಭಿಸಬಲ್ಲದು. ವಿಂಡೋ ಮ್ಯಾನೇಜರ್ ನಿಂತಿದ್ದಾಗ ಈ ಪಟ್ಟಿ ಉಳಿದಿದ್ದರೆ, ಪ್ರತಿ ಪ್ರವೇಶದಲ್ಲಿಯೂ ಶೀರ್ಷಿಕೆ ಪಟ್ಟಿಯಿಲ್ಲದ ಕಿಟಕಿಗಳೇ ಬರುತ್ತವೆ. ತಕ್ಷಣದ ಪರಿಹಾರವಾಗಿ ಆಲ್ಟ್ ಮತ್ತು ಎಫ್2 ಕೀಲಿಗಳನ್ನು ಒತ್ತಿ, ಬರುವ ಚೌಕದಲ್ಲಿ ‘ಎಕ್ಸ್‌ಎಫ್‌ಡಬ್ಲ್ಯುಎಂ4 --ರಿಪ್ಲೇಸ್’ ಎಂದು ಟೈಪ್ ಮಾಡಿ ಎಂಟರ್ ಒತ್ತಬೇಕು. ಶಾಶ್ವತ ಪರಿಹಾರಕ್ಕಾಗಿ ನಿರ್ಗಮಿಸಿ, ಪಠ್ಯ ಪರದೆಯ ಮೂಲಕ ಮನೆ ಕಡತಕೋಶದ ‘.ಕ್ಯಾಶ್’ ಒಳಗಿರುವ ‘ಸೆಷನ್ಸ್’ ಕಡತಕೋಶದ ಹೆಸರನ್ನು ಬದಲಾಯಿಸಿ, ಪುನಃ ಪ್ರವೇಶಿಸಬೇಕು. ಅಳಿಸುವ ಬದಲು ಹೆಸರು ಬದಲಾಯಿಸುವುದರಿಂದ, ಅಗತ್ಯಬಿದ್ದಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದಾಗಿರುತ್ತದೆ.

(ಈ) ನವೀಕರಣದ ಮಧ್ಯೆ ವಿದ್ಯುತ್ ಕಡಿತ

ತಂತ್ರಾಂಶದ ನವೀಕರಣ ನಡೆಯುತ್ತಿರುವಾಗ ವಿದ್ಯುತ್ ಕಡಿತಗೊಂಡರೆ ಕೆಲವು ಪ್ಯಾಕೇಜುಗಳು ಅರ್ಧ ಅಳವಡಿಕೆಯಾಗಿ ಉಳಿಯುತ್ತವೆ. ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಆಜ್ಞೆಯು ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ಣಗೊಳಿಸಲು ಯತ್ನಿಸುತ್ತದೆ. ನಂತರ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಎಂಬ ಆಜ್ಞೆಯನ್ನು ನೀಡಬೇಕು. ಎರಡನೆಯದಕ್ಕೆ ಅಂತರಜಾಲ ಸಂಪರ್ಕ ಬೇಕಾಗಬಹುದು. ಈ ಆಜ್ಞೆಯು ಕೆಲವು ತಂತ್ರಾಂಶಗಳನ್ನು ತೆಗೆದುಹಾಕುವುದಾಗಿ ತಿಳಿಸಿ ಒಪ್ಪಿಗೆ ಕೇಳಿದಲ್ಲಿ, ಪಟ್ಟಿಯನ್ನು ಓದದೆ ಒಪ್ಪಿಗೆ ನೀಡಬಾರದು.

(ಉ) ಎರಡು ವಿಂಡೋ ಮ್ಯಾನೇಜರ್‌ಗಳು

ಎಕ್ಸ್ ವ್ಯವಸ್ಥೆಯಲ್ಲಿ ಒಂದು ಪರದೆಯ ಅಧಿಕಾರವನ್ನು ಒಂದು ಸಮಯದಲ್ಲಿ ಒಂದೇ ವಿಂಡೋ ಮ್ಯಾನೇಜರ್ ಪಡೆಯಬಹುದು. ಎರಡನೆಯದು ಕೇಳಿದಲ್ಲಿ ಸರ್ವರ್ ನಿರಾಕರಿಸುತ್ತದೆ. ಹೊಸದೊಂದನ್ನು ಅಳವಡಿಸಿ ಸ್ವಯಂಚಾಲನೆಯ ಪಟ್ಟಿಗೆ ಸೇರಿಸಿದ್ದಲ್ಲಿ, ಆ ಪಟ್ಟಿಯಿಂದ ಒಂದನ್ನು ಕೈಬಿಡಬೇಕು.

(ಊ) ಗ್ರಾಫಿಕ್ಸ್ ಡ್ರೈವರ್

ಕರ್ನಲ್ ನವೀಕರಣದ ನಂತರ ಪ್ರವೇಶ ಪರದೆ ಬಾರದಿದ್ದಲ್ಲಿ, ಯಂತ್ರವನ್ನು ಮರಳಿ ಆರಂಭಿಸಿ, ಮೊದಲ ಪಟ್ಟಿಯಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬುದನ್ನು ತೆರೆದು ಹಿಂದಿನ ಕರ್ನಲ್ ಆಯ್ದುಕೊಳ್ಳಬೇಕು. ಹಳೆಯ ಕರ್ನಲ್‌ನಲ್ಲಿ ಎಲ್ಲವೂ ಸರಿಯಿದ್ದಲ್ಲಿ ಡ್ರೈವರ್ ಹೊಸ ಕರ್ನಲ್‌ಗೆ ಹೊಂದಿಕೊಂಡಿಲ್ಲವೆಂದು ತಿಳಿಯಬಹುದು. ಡ್ರೈವರ್ ಸರಿಪಡಿಸುವವರೆಗೆ ಹಳೆಯ ಕರ್ನಲ್‌ನಲ್ಲಿಯೇ ಕೆಲಸ ಮುಂದುವರಿಸಬಹುದು.

8. ದಾಖಲೆಗಳನ್ನು ಹೊರತೆಗೆಯುವುದು

ಮೇಲ್ಕಂಡ ಯಾವ ಕ್ರಮವೂ ಫಲಿಸದಿದ್ದಲ್ಲಿ ದಾಖಲೆಗಳನ್ನು ಪ್ರತಿ ಮಾಡಿಕೊಳ್ಳುವುದು ಮೊದಲ ಆದ್ಯತೆಯಾಗತಕ್ಕದ್ದು. ಇದಕ್ಕೆ ಸುಲಭವಾದ ಮಾರ್ಗವೆಂದರೆ ‘ಲೈವ್’ ಪೆನ್ ಡ್ರೈವ್. ಬೇರೊಂದು ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಇಂತಹ ಪೆನ್ ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿದರೆ ಹಾರ್ಡ್ ಡಿಸ್ಕ್‌ನಲ್ಲಿರುವ ವ್ಯವಸ್ಥೆಯನ್ನು ಮುಟ್ಟದೆ ಪೂರ್ಣ ಡೆಸ್ಕ್‌ಟಾಪ್ ದೊರೆಯುತ್ತದೆ. ಆರಂಭದ ಪಟ್ಟಿಯಲ್ಲಿ ‘ಲೈವ್’ ಎಂಬುದನ್ನು ಮಾತ್ರ ಆಯ್ದುಕೊಳ್ಳಬೇಕು. ‘ಇನ್‌ಸ್ಟಾಲ್’ ಎಂಬುದನ್ನು ಆಯ್ದುಕೊಳ್ಳಬಾರದು. ನಂತರ ಹಾರ್ಡ್ ಡಿಸ್ಕ್ ತೆರೆದು ದಾಖಲೆಗಳನ್ನು ಮತ್ತೊಂದು ಪೆನ್ ಡ್ರೈವ್‌ಗೆ ಪ್ರತಿ ಮಾಡಿ, ಪ್ರತಿಗಳನ್ನು ತೆರೆದು ಪರಿಶೀಲಿಸಬೇಕು. ಡಿಸ್ಕನ್ನು ಗೂಢಲಿಪೀಕರಿಸಿದ್ದಲ್ಲಿ ಅದರ ಗುಪ್ತಪದವಿಲ್ಲದೆ ಇದು ಸಾಧ್ಯವಾಗುವುದಿಲ್ಲ.

9. ವಿಂಡೋಸ್ ಬಳಸುವವರಿಗೆ

ವಿಂಡೋಸ್‌ನಲ್ಲಿಯೂ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಎಂಬ ತಂತ್ರಾಂಶವಿದ್ದು, 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಆವೃತ್ತಿಯಿಂದ ಅದು ಬಳಕೆಗೆ ಬಂದಿತು. ವಿಸ್ಟಾ ಮತ್ತು ವಿಂಡೋಸ್ 7 ಆವೃತ್ತಿಗಳಲ್ಲಿ ಅದನ್ನು ನಿಲ್ಲಿಸಲು ಅವಕಾಶವಿತ್ತು. 2012ರ ವಿಂಡೋಸ್ 8 ರಿಂದ ಅದು ಸದಾ ಚಾಲನೆಯಲ್ಲಿರುತ್ತದೆ. ವಿಂಡೋಸ್ 10 ಮತ್ತು 11 ರಲ್ಲಿ ಪರದೆ ಕಪ್ಪಾದಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರಳಿ ಆರಂಭಗೊಳ್ಳುತ್ತದೆ. ತೆರೆದಿರುವ ಕಡತಗಳು ಇದರಿಂದ ಮುಚ್ಚುವುದಿಲ್ಲ. ಫಲಿಸದಿದ್ದಲ್ಲಿ ಸೇಫ್ ಮೋಡ್‌ನಲ್ಲಿ ಆರಂಭಿಸಿ, ಇತ್ತೀಚೆಗೆ ಬದಲಾದ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸಬಹುದು.

10. ಸಲ್ಲಿಸಿದ ಅರ್ಜಿಯ ಸ್ಥಿತಿ

ಅಂತರಜಾಲದ ಮೂಲಕ ಸಲ್ಲಿಸಿ ಸ್ವೀಕೃತಿ ಸಂಖ್ಯೆ ಪಡೆದ ಅರ್ಜಿಯು ಸೇವೆಯ ಸರ್ವರ್‌ನಲ್ಲಿರುತ್ತದೆ. ಅರ್ಜಿದಾರರ ಗಣಕಯಂತ್ರ ಕೆಟ್ಟರೂ ಅದಕ್ಕೆ ಬಾಧೆಯಿಲ್ಲ. ಆದುದರಿಂದ ಸ್ವೀಕೃತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಭರ್ತಿ ಮಾಡುತ್ತಿದ್ದು, ಉಳಿಸದೆ ಅಥವಾ ಸಲ್ಲಿಸದೆ ಬಿಟ್ಟ ಪುಟದ ವಿವರಗಳು ಮಾತ್ರ ನಷ್ಟವಾಗುವ ಸಂಭವವಿದೆ.

ಸಾರ್ವಜನಿಕ ಗಣಕಯಂತ್ರದಲ್ಲಿ ಅರ್ಜಿ ತುಂಬುತ್ತಿರುವಾಗ ಕಿಟಕಿಗಳು ಸ್ಥಗಿತಗೊಂಡಲ್ಲಿ ಅರ್ಜಿದಾರರು ಹಾಗೆಯೇ ಎದ್ದುಹೋಗಬಾರದು. ಪರದೆ ಕಾಣದಿದ್ದರೂ ಅವರ ಖಾತೆಯು ತೆರೆದೇ ಇರಬಹುದು. ಯಂತ್ರವನ್ನು ಮರಳಿ ಆರಂಭಿಸಿ, ಬ್ರೌಸರ್ ತೆರೆದು, ಖಾತೆಯಿಂದ ನಿರ್ಗಮಿಸಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

11. ತಂತ್ರಜ್ಞರಿಗೆ ಒಪ್ಪಿಸುವ ಮುನ್ನ

ಯಂತ್ರವನ್ನು ದುರಸ್ತಿಗೆ ಒಪ್ಪಿಸುವವರು ಈ ಕೆಳಕಂಡ ಅಂಶಗಳನ್ನು ಪಾಲಿಸುವುದು ಹಿತಕರ.

(ಅ) ತೊಂದರೆ ಕಾಣಿಸಿಕೊಂಡ ದಿನ, ಅದಕ್ಕೂ ಮುನ್ನ ಅಳವಡಿಸಿದ ಅಥವಾ ತೆಗೆದ ತಂತ್ರಾಂಶ ಹಾಗೂ ದೋಷ ಸಂದೇಶವನ್ನು ಬರೆದು ಕೊಡುವುದು.
(ಆ) ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಮಾಡಬಾರದೆಂದು ಸ್ಪಷ್ಟವಾಗಿ ತಿಳಿಸುವುದು.
(ಇ) ಫಾರ್ಮ್ಯಾಟ್ ಅನಿವಾರ್ಯವೆಂದು ಹೇಳಿದಲ್ಲಿ, ಯಾವ ದಾಖಲೆಗಳ ಪ್ರತಿ ತೆಗೆಯಲಾಗಿದೆ ಎಂಬುದನ್ನು ಸ್ವತಃ ನೋಡಿಕೊಳ್ಳುವುದು. ಬ್ರೌಸರ್‌ನಲ್ಲಿ ಉಳಿಸಿದ ಗುಪ್ತಪದಗಳು ಹಾಗೂ ಡಿಸ್ಕ್‌ನಲ್ಲಿಟ್ಟ ಡಿಜಿಟಲ್ ಸಹಿ ಪ್ರಮಾಣಪತ್ರ ಸಾಮಾನ್ಯವಾಗಿ ಮರೆತುಹೋಗುವಂತಹವು.
(ಈ) ಸೇವಾ ಖಾತೆಯ ಗುಪ್ತಪದವನ್ನಾಗಲಿ, ಮೊಬೈಲ್‌ಗೆ ಬರುವ ಒಟಿಪಿಯನ್ನಾಗಲಿ ಯಾರಿಗೂ ನೀಡದಿರುವುದು. ವಿಂಡೋ ಮ್ಯಾನೇಜರ್ ಸರಿಪಡಿಸಲು ಇವುಗಳ ಅಗತ್ಯವಿರುವುದಿಲ್ಲ.

12. ಮುನ್ನೆಚ್ಚರಿಕೆ

ಅರ್ಜಿಗೆ ಬೇಕಾದ ದಾಖಲೆಗಳ ಒಂದು ಪ್ರತಿಯನ್ನು ಸದಾ ಪ್ರತ್ಯೇಕ ಪೆನ್ ಡ್ರೈವ್‌ನಲ್ಲಿ ಇಟ್ಟಿರತಕ್ಕದ್ದು. ಯುಪಿಎಸ್ ಇಲ್ಲದ ಯಂತ್ರದಲ್ಲಿ ವಿದ್ಯುತ್ ಅನಿಶ್ಚಿತವಾಗಿರುವ ವೇಳೆ ತಂತ್ರಾಂಶ ನವೀಕರಣ ಕೈಗೊಳ್ಳಬಾರದು. ಅರ್ಜಿಯ ಕೊನೆಯ ದಿನಾಂಕ ಸಮೀಪದಲ್ಲಿರುವಾಗ ಡೆಸ್ಕ್‌ಟಾಪ್ ಬದಲಾವಣೆಯನ್ನು ಮುಂದೂಡುವುದು ಸೂಕ್ತ. ಎಲ್ಲಕ್ಕಿಂತ ಮುಖ್ಯವಾಗಿ, ಪರದೆ ಕಪ್ಪಾಗಿರುವುದು ದಾಖಲೆಗಳು ಅಳಿಸಿವೆ ಎಂಬುದಕ್ಕೆ ಸಾಕ್ಷಿಯಲ್ಲ ಎಂಬುದನ್ನು ನೆನಪಿನಲ್ಲಿಟ್ಟು, ಮೊದಲು ದಾಖಲೆಗಳನ್ನು ರಕ್ಷಿಸಿ, ನಂತರ ಯಂತ್ರವನ್ನು ಸರಿಪಡಿಸಿಕೊಳ್ಳಲು ಅರ್ಜಿದಾರರನ್ನು ಕೋರಲಾಗಿದೆ.